ಪೈಪಿನ ಗ್ಯಾಸಿಗೆ ಹಗೇವು ಎಲ್ಲಿದೆ?



ದೀಪಾವಳಿ ಕಳೆಯಿತು. ದೆಹಲಿಯಲ್ಲಿ ಬೆಳಿಗ್ಗೆ ರಜಾಯಿ ಬಿಟ್ಟು ಏಳಲು ಮನಸ್ಸೇ ಬಾರದ ದಿನಗಳು ಶುರುವಾಗಿವೆ. ಹೋದ ವಾರದ ಕಾರ್ಯಕ್ರಮದಲ್ಲಿ ಅಡಿಗೆ ಮನೆಗೆ ಬರುವ ಪೈಪ್ ಗ್ಯಾಸಿನ ಬಗ್ಗೆ ನಾನು ಆಡಿದ ಮಾತುಗಳನ್ನು ಪೂರ್ತಿಯಾಗಿ ಅಚ್ಚು ಹಾಕಿ ಎಂದು ಹಲವರು ಕೇಳಿದ್ದೀರಿ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಅರ್ಧ ಕೇಳಿ ಅರ್ಧ ಬಿಟ್ಟಿರಂತೆ. ಅಂದು ಹೇಳಿದ್ದನ್ನು ಅಷ್ಟಿಷ್ಟು ತಿದ್ದಿ, ಸಮಯ ಸಾಲದೆ ಬಿಟ್ಟದ್ದನ್ನು ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ.

ಈ ಮಾತು ಹುಟ್ಟಿದ್ದು ನನ್ನ ಅವ್ವನಿಂದ. ಹಬ್ಬ ಮುಗಿಸಿ ಅವಳು ಗದಗಿನಿಂದ ಇಲ್ಲಿಗೆ ಬಂದಿದ್ದಾಳೆ. ಊರಿನ ಮನೆಯಲ್ಲಿ ಇನ್ನೂ ಸಿಲಿಂಡರೇ. ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿ, ತೇವ ಎಲ್ಲಿಯವರೆಗೆ ಆರದೆ ಉಳಿಯುತ್ತದೆ ಎಂದು ನೋಡಿ ಒಳಗೆ ಎಷ್ಟು ಗ್ಯಾಸ್ ಇದೆ ಎಂದು ಹೇಳುವುದರಲ್ಲಿ ಅವಳು ಪಳಗಿದವಳು. ನಮ್ಮ ಅಡಿಗೆ ಮನೆಯಲ್ಲಿ ಒರೆಸಲು ಏನೂ ಇಲ್ಲ. ಗೋಡೆಯ ಮೇಲೊಂದು ಹಳದಿ ಪೈಪು, ಒಂದು ಮೀಟರು, ಒಂದು ಕೀಲಿ, ಅಷ್ಟೇ. ಎರಡು ದಿನ ಅದನ್ನೇ ನೋಡಿ ಮೂರನೆಯ ದಿನ ಕೇಳಿದಳು: "ಯವ್ವಾ, ಇದರಾಗ ಎಷ್ಟ ಉಳದೈತಿ ಅಂತ ಹೆಂಗ ತಿಳೀತೈತಿ?"

"ಇದರಾಗ ಉಳಿಯೂದು ಅಂತ ಏನೂ ಇಲ್ಲವಾ, ಬರಕೋತನ ಇರತೈತಿ" ಎಂದೆ.

"ಬರತೈತಿ ಖರೆ. ಎಲ್ಲಿಂದ ಬರತೈತಿ? ಇದರ ಹಗೇವು ಎಲ್ಲೈತಿ?"

ಕನ್ನಡ ಬಿ.ಎ. ಮಾಡಿ ಮೈಕಿನ ಮುಂದೆ ಕೂತು ದಿನಕ್ಕೆ ಹತ್ತು ವಿಷಯ ಮಾತಾಡುವ ನನಗೆ ಈ ಒಂದು ಪ್ರಶ್ನೆಗೆ ಉತ್ತರ ಬರಲಿಲ್ಲ. ಆಮೇಲೆ ಹುಡುಕಿ ಓದಿದೆ.

ಹಗೇವು ಎಂಬ ಮಾತು ದಕ್ಷಿಣದ ಜಿಲ್ಲೆಗಳ ಓದುಗರಿಗೆ ಹೊಸದಿರಬಹುದು. ಬಯಲುಸೀಮೆಯ ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ ಅದು. ಬಾಯಿ ಕಿರಿದು, ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಅಗಲ. ಒಳಸುತ್ತಿಗೆ ಒಣ ಹುಲ್ಲು ಹಾಸಿ, ಸುಗ್ಗಿಯ ಜೋಳ ಸುರಿದು, ಮೇಲೆ ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ಮಳೆ ಕೈಕೊಟ್ಟ ವರ್ಷ ಮನೆ ಉಳಿಯುತ್ತಿದ್ದುದು ಅದರಿಂದಲೇ. ಅವ್ವ ಕೇಳಿದ್ದರ ಅರ್ಥ ಇಷ್ಟೆ: ನಾಳೆ ಬರಲಿಲ್ಲ ಎಂದರೆ ತೆಗೆದು ಬಳಸಲು ಎಲ್ಲಾದರೂ ಇಟ್ಟಿದ್ದೀರಾ?

ಪೈಪಿನ ಬೆನ್ನು ಹತ್ತಿ ಹೋಗೋಣ. ನಮ್ಮ ಒಲೆಗೆ ಬರುವ ಅನಿಲದ ಒತ್ತಡ ಬಹಳ ಕಡಿಮೆ, ಸುಮಾರು 21 ಮಿಲಿಬಾರ್. ಬೀದಿಯ ಕೆಳಗಿನ ಪ್ಲಾಸ್ಟಿಕ್ ಪೈಪಿನಲ್ಲಿ ಅದು ಸುಮಾರು 4 ಬಾರ್, ಎಂದರೆ ಒಲೆಯಲ್ಲಿರುವುದಕ್ಕಿಂತ ಇನ್ನೂರು ಪಟ್ಟಿಗೂ ಹತ್ತಿರ. ಊರ ಹೊರಗಿನ ದೊಡ್ಡ ಉಕ್ಕಿನ ಕೊಳವೆಗಳಲ್ಲಿ ಇನ್ನೂ ಎಷ್ಟೋ ಪಟ್ಟು. ಹೆಜ್ಜೆ ಹೆಜ್ಜೆಗೂ ರೆಗ್ಯುಲೇಟರುಗಳು ಒತ್ತಡ ಇಳಿಸುತ್ತ ಬರುತ್ತವೆ. ಈ ಅನಿಲದ ಬಹುಪಾಲು ಮೀಥೇನ್. ಅದಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದೇ ನಗರದ ಹೆಬ್ಬಾಗಿಲಿನಲ್ಲಿ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ.

ಆ ಹೆಬ್ಬಾಗಿಲಿನಿಂದ ಹಿಂದಕ್ಕೆ ಹೋದರೆ ಸಿಗುವುದು ಹಜೀರಾ–ವಿಜೈಪುರ–ಜಗದೀಶಪುರ ಕೊಳವೆ ಮಾರ್ಗ. (ವಿಜೈಪುರ ಎಂದರೆ ನಮ್ಮ ಗೋಲಗುಮ್ಮಟದ ವಿಜಯಪುರ ಅಲ್ಲ, ಮಧ್ಯಪ್ರದೇಶದ ಗುಣಾ ಜಿಲ್ಲೆಯದು.) 1984ರಲ್ಲಿ ಗೇಲ್ ಸಂಸ್ಥೆ ಹುಟ್ಟಿದ್ದೇ ಈ ಮಾರ್ಗ ಹಾಕಲಿಕ್ಕೆ. ಆಗ ಅಡಿಗೆ ಮನೆಯ ಯೋಚನೆ ಇರಲಿಲ್ಲ. ಉತ್ತರದ ಯೂರಿಯಾ ಕಾರ್ಖಾನೆಗಳಿಗೆ ಪಶ್ಚಿಮ ಕಡಲಿನ ಅನಿಲ ತಲುಪಿಸುವುದು ಗುರಿ. ನಮ್ಮ ಹೊಲಕ್ಕೆ ಹಾಕುವ ಯೂರಿಯಾ ಆಗುವುದೂ ಇದೇ ಅನಿಲದಿಂದ ಎಂದಾಗ ಅವ್ವನಿಗೆ ಪೈಪಿನ ಮೇಲೆ ಸ್ವಲ್ಪ ವಿಶ್ವಾಸ ಬಂತು.

ದೆಹಲಿಗೆ ಅನಿಲದ ಅಗತ್ಯ ಹೆಚ್ಚಿದ್ದು ಹೊಗೆಯಿಂದ. 1998ರ ಜುಲೈನಲ್ಲಿ ಸುಪ್ರೀಂ ಕೋರ್ಟು ನಗರದ ಬಸ್ಸುಗಳೆಲ್ಲ 2001ರ ಮಾರ್ಚ್ ಕೊನೆಯೊಳಗೆ ಸಿ.ಎನ್.ಜಿ.ಗೆ ಬದಲಾಗಬೇಕು ಎಂದಿತು. ಗಡುವು ಮುಗಿದಾಗ ಬಸ್ಸೂ ಸಾಲದು, ಪಂಪೂ ಸಾಲದು. ಆಟೋಗಳು ಇಡೀ ರಾತ್ರಿ ಸರತಿಯಲ್ಲಿ ನಿಲ್ಲುತ್ತಿದ್ದವು ಎಂದು ಇಲ್ಲಿನ ಹಿರಿಯ ಕನ್ನಡಿಗರು ಈಗಲೂ ನೆನೆಯುತ್ತಾರೆ. 2002ರ ಕೊನೆಯ ಹೊತ್ತಿಗೆ ಡೀಸೆಲ್ ಬಸ್ಸುಗಳು ಹೋದವು.

ಆದರೆ ದೇಶದ ನೆಲದಲ್ಲಿ, ಕಡಲಲ್ಲಿ ಸಿಗುವ ಅನಿಲ ಇಷ್ಟಕ್ಕೆಲ್ಲ ಸಾಲದು. ಈಚಿನ ವರ್ಷಗಳಲ್ಲಿ ನಾವು ಬಳಸುವುದರಲ್ಲಿ ಸುಮಾರು ಅರ್ಧದಷ್ಟು ಹೊರಗಿನದು. ಅದು ಬರುವುದು ಹಡಗಿನಲ್ಲಿ, ದ್ರವವಾಗಿ. ಮೀಥೇನನ್ನು ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದರೆ ಆರುನೂರು ಪಾಲು ಜಾಗ ಹಿಡಿಯುತ್ತಿದ್ದುದು ಒಂದು ಪಾಲಿಗೆ ಇಳಿಯುತ್ತದೆ. 2004ರ ಜನವರಿಯಲ್ಲಿ ಕತಾರ್‌ನಿಂದ ಮೊದಲ ಹಡಗು ಗುಜರಾತಿನ ದಹೇಜ್ ಬಂದರಿಗೆ ಬಂತು. ಕತಾರ್ ಜೊತೆ 1999ರಲ್ಲಿ ಆದ ವರ್ಷಕ್ಕೆ 75 ಲಕ್ಷ ಟನ್ನಿನ ಕರಾರು 2028ರವರೆಗೆ ಇದ್ದು, 2024ರ ಫೆಬ್ರವರಿಯಲ್ಲಿ ಅದನ್ನು 2048ರವರೆಗೆ ಮುಂದುವರಿಸುವ ಒಪ್ಪಂದವಾಯಿತು. ದಹೇಜ್ ನಿಲ್ದಾಣವನ್ನು ಬೆಳೆಸುತ್ತ 2019ರ ಹೊತ್ತಿಗೆ ವರ್ಷಕ್ಕೆ 175 ಲಕ್ಷ ಟನ್ ಸಾಮರ್ಥ್ಯಕ್ಕೆ ತಂದರು. ಒಂದು ಹಡಗಿನಲ್ಲಿ ಎಪ್ಪತ್ತು ಸಾವಿರ ಟನ್ ಹಿಡಿದರೆ, ಅಷ್ಟು ಅನಿಲಕ್ಕೆ ವರ್ಷದಲ್ಲಿ 250 ಹಡಗು ಬೇಕು. ಎಂದರೆ ಮೂರು ದಿನಕ್ಕೆ ಎರಡು. ಕತಾರಿನ ಹಡಗುಗಳಿಗೆ ಹಾರ್ಮುಜ್ ಜಲಸಂಧಿ ಬಿಟ್ಟರೆ ಬೇರೆ ದಾರಿಯೂ ಇಲ್ಲ.

ಬಂದ ದ್ರವವನ್ನು ತೊಟ್ಟಿಗಳಲ್ಲಿ ಇಳಿಸಿಕೊಂಡು, ಬಿಸಿ ಮಾಡಿ ಮತ್ತೆ ಅನಿಲವಾಗಿಸಿ ಕೊಳವೆಗೆ ಬಿಡುತ್ತಾರೆ. ತೊಟ್ಟಿಯಲ್ಲಿ ಇರುವುದು ಕೆಲವು ದಿನಗಳ ಮಾತು. ಉದ್ದನೆಯ ಕೊಳವೆಯ ಒಳಗೇ ಒತ್ತಿ ತುಂಬಿದ ಅನಿಲವೂ ಒಂದಿಷ್ಟು ಇರುತ್ತದೆ. ಬೆಳಗಿನ ಅಡಿಗೆಯ ಹೊತ್ತಿನ ನೂಕುನುಗ್ಗಲಿಗೆ ಅದು ಆಗುತ್ತದೆ, ತಿಂಗಳ ಬರಕ್ಕೆ ಆಗುವುದಿಲ್ಲ. ಅವ್ವನ ಲೆಕ್ಕದಲ್ಲಿ ಹೇಳುವುದಾದರೆ, ಇದು ದಿನಾ ಸಂತೆಯಿಂದ ತಂದು ದಿನಾ ಉಣ್ಣುವ ಸಂಸಾರ.

ಹಾಗಾದರೆ ಅನಿಲಕ್ಕೆ ಹಗೇವು ಮಾಡುವುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಯೂರೋಪಿನವರು ಮಾಡಿಟ್ಟಿದ್ದಾರೆ. ಅಲ್ಲಿ ಮನೆ ಬೆಚ್ಚಗಿಡಲು ಗ್ಯಾಸ್ ಬೇಕು. ಬೇಸಿಗೆಯ ಖರ್ಚಿಗೂ ಚಳಿಗಾಲದ ಖರ್ಚಿಗೂ ಅಜಗಜಾಂತರ. ಆದ್ದರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅನಿಲವನ್ನು ನೆಲದೊಳಕ್ಕೆ ತುಂಬುತ್ತಾರೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ತೆಗೆಯುತ್ತಾರೆ. ಒಂದು ಕಾಲಕ್ಕೆ ಅನಿಲ ಕೊಟ್ಟು ಬರಿದಾದ ಹಳೆಯ ನಿಕ್ಷೇಪಗಳು, ಉಪ್ಪಿನ ಪದರದಲ್ಲಿ ಕೊರೆದ ಗುಹೆಗಳು, ಇವೇ ಅವರ ಹಗೇವುಗಳು. ಜರ್ಮನಿಯ ರೇಡನ್ ಎಂಬಲ್ಲಿ ಸುಮಾರು ಎರಡು ಕಿಲೋಮೀಟರ್ ಆಳದಲ್ಲಿ ಒಂದಿದೆ. ಅದರಲ್ಲಿ ಸುಮಾರು 400 ಕೋಟಿ ಘನ ಮೀಟರ್ ಹಿಡಿಯುತ್ತದೆ.

2022ರಲ್ಲಿ ಏನಾಯಿತು ಎಂದು ನಿಮಗೆ ನೆನಪಿರಬಹುದು. ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ, ರಷ್ಯಾದ ಕಂಪನಿಯ ಕೈಯಲ್ಲಿದ್ದ ಆ ರೇಡನ್ ಹಗೇವು ಬಹುತೇಕ ಬರಿದಾಗಿತ್ತು. ಯೂರೋಪು ಬೆಚ್ಚಿತು. ನವೆಂಬರ್ 1ರ ಹೊತ್ತಿಗೆ ಹಗೇವುಗಳು ನೂರಕ್ಕೆ 80ರಷ್ಟಾದರೂ ತುಂಬಿರಬೇಕೆಂದು ಕಾಯಿದೆ ಮಾಡಿದರು. ಸೆಪ್ಟೆಂಬರ್ ಆರಂಭಕ್ಕೆ ನಾರ್ಡ್ ಸ್ಟ್ರೀಮ್ ಕೊಳವೆಯ ಹರಿವು ನಿಂತಿತು, ತಿಂಗಳ ಕೊನೆಗೆ ಅದು ಕಡಲಡಿಯಲ್ಲಿ ಸ್ಫೋಟಗೊಂಡಿತು. ಆದರೂ ಆ ಚಳಿಗಾಲಕ್ಕೆ ಮೊದಲು ಹಗೇವುಗಳು ನೂರಕ್ಕೆ 90ಕ್ಕೂ ಮೇಲೆ ತುಂಬಿದವು.

ತುಂಬಿದ್ದು ಯಾವುದರಿಂದ? ಪ್ರಪಂಚದ ಕಡಲುಗಳಲ್ಲಿ ಓಡಾಡುತ್ತಿದ್ದ ಹಡಗುಗಳಿಂದ. ಯಾರು ಹೆಚ್ಚು ಕೊಡುತ್ತಾರೋ ಅವರ ಕಡೆ ಹಡಗು ತಿರುಗಿತು. ಆಗಸ್ಟಿನಲ್ಲಿ ಯೂರೋಪಿನ ಸಗಟು ಬೆಲೆ ಪ್ರತಿ ಮೆಗಾವ್ಯಾಟ್ ಅವರ್‌ಗೆ 300 ಯೂರೋ ದಾಟಿತು. 2021ರ ಆರಂಭದಲ್ಲಿ ಅದು 20 ಯೂರೋ ಆಸುಪಾಸಿನಲ್ಲಿತ್ತು.

ನಮ್ಮ ಕಥೆ ಇಲ್ಲಿ ಸೇರಿಕೊಳ್ಳುತ್ತದೆ. ಗೇಲ್ ಸಂಸ್ಥೆ 2012ರಲ್ಲಿ ರಷ್ಯಾದ ಗಾಜ್‌ಪ್ರೋಮ್‌ನ ಸಿಂಗಪುರ ಅಂಗಸಂಸ್ಥೆಯ ಜೊತೆ ವರ್ಷಕ್ಕೆ 25 ಲಕ್ಷ ಟನ್ನಿನ, ಇಪ್ಪತ್ತು ವರ್ಷದ ಕರಾರು ಮಾಡಿಕೊಂಡಿತ್ತು. 2018ರಿಂದ ಹಡಗುಗಳು ಬರುತ್ತಿದ್ದವು. ಆ ಸಿಂಗಪುರ ಸಂಸ್ಥೆಯ ಒಡೆತನ ಇದ್ದದ್ದು ಜರ್ಮನಿಯಲ್ಲಿದ್ದ ಗಾಜ್‌ಪ್ರೋಮ್ ಜೆರ್ಮಾನಿಯಾದ್ದು. ಅದರ ಆಡಳಿತವನ್ನು ಜರ್ಮನ್ ಸರ್ಕಾರ 2022ರ ಏಪ್ರಿಲ್‌ನಲ್ಲಿ ತನ್ನ ಕೈಗೆ ತೆಗೆದುಕೊಂಡಿತು. ಆ ಬೇಸಿಗೆಯಿಂದ ನಮಗೆ ಬರಬೇಕಿದ್ದ ಹಡಗುಗಳು ತಪ್ಪತೊಡಗಿದವು. ಗೇಲ್ ತನ್ನ ಗ್ರಾಹಕರಿಗೆ ಪಡಿತರದಂತೆ ಅಳೆದು ಕೊಡಬೇಕಾಯಿತು. ಉತ್ತರ ಪ್ರದೇಶದ ಪಾಟಾದಲ್ಲಿರುವ ತನ್ನದೇ ಪೆಟ್ರೋಕೆಮಿಕಲ್ ಕಾರ್ಖಾನೆಯ ಉತ್ಪಾದನೆ ಇಳಿಸಿತು. ಮುಂದೆ ವ್ಯಾಜ್ಯವಾಗಿ, 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು. ಆದರೆ ರಾಜಿಯ ಹಣದಿಂದ 2022ರ ಕುಲುಮೆ ಉರಿಯುವುದಿಲ್ಲವಲ್ಲ.

ಕುಲುಮೆ ಎಂದೆ. ಫರೀದಾಬಾದಿನಲ್ಲಿ ನಮ್ಮ ಕೇಳುಗರೊಬ್ಬರಿದ್ದಾರೆ, ಹುಬ್ಬಳ್ಳಿ ಕಡೆಯವರು. ವಾಹನಗಳ ಬಿಡಿಭಾಗಗಳನ್ನು ಕಾಯಿಸಿ ಹದ ಮಾಡುವ ಸಣ್ಣ ಕಾರ್ಖಾನೆ ಅವರದು. ದೆಹಲಿ ಸುತ್ತಿನ ರಾಜಧಾನಿ ವಲಯದಲ್ಲಿ 2023ರ ಜನವರಿ 1ರಿಂದ ಕಾರ್ಖಾನೆಗಳು ಕಲ್ಲಿದ್ದಲು ಸುಡುವಂತಿಲ್ಲ ಎಂದು ವಾಯು ಗುಣಮಟ್ಟ ಆಯೋಗ ಆಜ್ಞೆ ಮಾಡಿತು. ಪೈಪ್ ಗ್ಯಾಸ್ ಇರುವ ಕಡೆಗಳಲ್ಲಿ 2022ರ ಸೆಪ್ಟೆಂಬರ್ ಕೊನೆಗೇ ಗಡುವು. ಆಜ್ಞೆ ಸರಿಯಾದದ್ದೇ. ನವೆಂಬರಿನ ದೆಹಲಿಯಲ್ಲಿ ಉಸಿರಾಡುವ ಯಾರೂ ಅದನ್ನು ತಪ್ಪೆನ್ನಲಾರರು. ಆದರೆ ಕಲ್ಲಿದ್ದಲು ಬಿಟ್ಟು ಗ್ಯಾಸ್ ಹಿಡಿಯಿರಿ ಎಂದ ತಿಂಗಳುಗಳೂ, ಗ್ಯಾಸಿನ ಬೆಲೆ ಆಕಾಶಕ್ಕೇರಿದ ತಿಂಗಳುಗಳೂ ಒಂದೇ ಆದವು. "ಕಲ್ಲಿದ್ದಲ ಅಂಗಳದಾಗ ರಾಶಿ ಹಾಕಿ ಇಟ್ಟಿರ್ತಿದ್ವಿರಿ ಮೇಡಂ, ತುಟ್ಟಿ ಆಗೂಕಿಂತ ಮೊದಲ ತಂದು ಇಟ್ಕೋತಿದ್ವಿ. ಗ್ಯಾಸ್ ಎಲ್ಲಿ ಇಡೂಣ್ರಿ?" ಎಂದು ಅವರು ಫೋನಿನಲ್ಲಿ ಹೇಳಿದ್ದರು. ಆ ಚಳಿಗಾಲ ಅವರು ಒಂದು ಪಾಳಿ ನಿಲ್ಲಿಸಿದರು. ನಾಲ್ಕು ಜನ ಹುಡುಗರು ಊರಿಗೆ ಹೋದರು. ಬೆಲೆ ಇಳಿದ ಮೇಲೆ ಇಬ್ಬರೇ ವಾಪಸು ಬಂದರು.

ಅದೇ ದಿನಗಳಲ್ಲಿ ನನ್ನ ಒಲೆ ಒಂದು ಹೊತ್ತೂ ಆರಲಿಲ್ಲ. ಯಾಕೆಂದರೆ ಹಂಚಿಕೆಯಲ್ಲಿ ಒಂದು ಸರದಿ ಇದೆ. ದೇಶದಲ್ಲೇ ಸಿಗುವ ಅಗ್ಗದ ಅನಿಲದಲ್ಲಿ ಮೊದಲ ಪಾಲು ಮನೆಯ ಒಲೆಗೆ ಮತ್ತು ವಾಹನದ ಸಿ.ಎನ್.ಜಿ.ಗೆ. ಕಾರ್ಖಾನೆಗಳು ಬಹುಪಾಲು ಹಡಗಿನ ಅನಿಲವನ್ನು ಹಡಗಿನ ಬೆಲೆಗೇ ಕೊಳ್ಳಬೇಕು. ಕಿರೀಟ್ ಪಾರಿಖ್ ಸಮಿತಿಯ ವರದಿಯ ನಂತರ 2023ರ ಏಪ್ರಿಲ್‌ನಿಂದ ಈ ದೇಶೀಯ ಅನಿಲದ ಬೆಲೆಗೆ ಮೇಲ್ಮಿತಿಯೂ ಬಂತು. ಆಗ ಪ್ರತಿ ಹತ್ತು ಲಕ್ಷ ಬಿ.ಟಿ.ಯು.ಗೆ ಆರೂವರೆ ಡಾಲರ್. ಆದರೆ ಹಳೆಯ ನಿಕ್ಷೇಪಗಳ ಅನಿಲ ವರ್ಷ ವರ್ಷ ಕುಗ್ಗುತ್ತಿದೆ, ವಾಹನ ಹೆಚ್ಚುತ್ತಿವೆ. 2024ರ ಅಕ್ಟೋಬರಿನಲ್ಲಿ ಒಮ್ಮೆ, ನವೆಂಬರಿನಲ್ಲಿ ಇನ್ನೊಮ್ಮೆ ಸಿ.ಎನ್.ಜಿ.ಯ ಪಾಲು ಕಡಿತವಾಯಿತು, ಹಲವು ನಗರಗಳಲ್ಲಿ ದರ ಏರಿತು. ಮರು ಜನವರಿಯಲ್ಲಿ ಒಂದಿಷ್ಟು ಹಿಂದಕ್ಕೆ ಕೊಟ್ಟರು. ಆಗಲೂ ಮನೆಯ ಒಲೆಯನ್ನು ಮುಟ್ಟಲಿಲ್ಲ.

ಇದನ್ನೆಲ್ಲ ಅವ್ವನಿಗೆ ವಿವರಿಸಿ, "ಹಂಗಾಗಿ ನೀ ಚಿಂತಿ ಮಾಡಬ್ಯಾಡ, ಅಡಿಗೀಮನಿದು ಪೈಲಾ ನಂಬರ್" ಎಂದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಹಂಗಾರ ಬರ ಬಂದ್ರ ಉಪವಾಸ ಬೀಳೋರು ಆ ಫ್ಯಾಕ್ಟರಿ ಹುಡುಗೂರು" ಎಂದಳು. ನಾನು ಏನೂ ಹೇಳಲಿಲ್ಲ.

ನೀವು ಕೇಳಬಹುದು: ನಮ್ಮಲ್ಲಿ ಯೂರೋಪಿನ ಚಳಿ ಇಲ್ಲ, ಗ್ಯಾಸಿನಿಂದ ಮನೆ ಬೆಚ್ಚಗಿಡುವವರಿಲ್ಲ, ಹಗೇವು ಯಾಕೆ? ಈ ವಾದವನ್ನು ನಾನೂ ಮೊದಲು ಒಪ್ಪಿದ್ದೆ. ನಮ್ಮಲ್ಲಿ ಅನಿಲ ಹೋಗುವುದು ಗೊಬ್ಬರಕ್ಕೆ, ವಾಹನಕ್ಕೆ, ಕಾರ್ಖಾನೆಗೆ. ವರ್ಷವಿಡೀ ಹೆಚ್ಚೂ ಕಡಿಮೆ ಒಂದೇ ಸಮ. ದೆಹಲಿಯ ಮನೆಗಳಲ್ಲಿ ಸ್ನಾನದ ನೀರಿಗೆಂದು ಸ್ವಲ್ಪ ಹೆಚ್ಚುತ್ತದೆ, ಅಷ್ಟೇ. ಆದರೆ ಚಳಿ ನಮ್ಮದಾಗಿರಬೇಕಿಲ್ಲ. ಡಿಸೆಂಬರಿನಲ್ಲಿ ಜಪಾನಿಗೆ ಚಳಿಯಾದರೆ, ಕೊರಿಯಾಕ್ಕೆ, ಚೀನಾಕ್ಕೆ, ಜರ್ಮನಿಗೆ ಚಳಿಯಾದರೆ, ಅವರೆಲ್ಲ ಕೈಚಾಚುವುದು ಅದೇ ಹಡಗುಗಳಿಗೆ. ಅವರ ಚಳಿಯ ಬಿಲ್ಲಿನಲ್ಲಿ ಫರೀದಾಬಾದಿಗೂ ಪಾಲು ಬೀಳುತ್ತದೆ. ಬೆಲೆ ಇಳಿದಾಗ ಕೊಂಡು ತುಂಬಿಡಲು ಜಾಗವಿದ್ದರೆ ಒಂದೆರಡು ತಿಂಗಳಾದರೂ ತಡೆದುಕೊಳ್ಳಬಹುದು. ಕಟ್ಟುವುದಕ್ಕೆ ಖರ್ಚಿದೆ, ತುಂಬಿಟ್ಟ ಅನಿಲದಲ್ಲಿ ಹಣ ಸಿಕ್ಕಿಹಾಕಿಕೊಳ್ಳುತ್ತದೆ, ನಿಜ. ಅಜ್ಜನ ಹಗೇವಿನಲ್ಲೂ ದುಡ್ಡು ಸಿಕ್ಕಿಹಾಕಿಕೊಂಡೇ ಇರುತ್ತಿತ್ತು.

ಎಣ್ಣೆಗಾದರೆ ನಾವು ಹಗೇವು ಮಾಡಿದ್ದೇವೆ, ಅದೂ ನಮ್ಮ ಕರಾವಳಿಯಲ್ಲೇ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯುವ ಗುಹೆಗಳನ್ನು ಬಂಡೆ ಕೊರೆದು ಮಾಡಿದ್ದಾರೆ. ವಿಶಾಖಪಟ್ಟಣದ 13.3 ಲಕ್ಷ ಸೇರಿ ಒಟ್ಟು 53.3 ಲಕ್ಷ ಟನ್. ಪೈಪಿನ ಅನಿಲಕ್ಕೆ ಅಂಥದ್ದು ಇನ್ನೂ ಇಲ್ಲ. ಗುಜರಾತಿನಲ್ಲಿ, ಅಸ್ಸಾಮಿನಲ್ಲಿ ವರ್ಷಗಟ್ಟಲೆ ಅನಿಲ ಕೊಟ್ಟು ಸೊರಗಿದ ನಿಕ್ಷೇಪಗಳಿವೆ. ಯೋಜನೆಯ ಮಾತು ಆಗಾಗ ಪತ್ರಿಕೆಗಳಲ್ಲಿ ಬಂದು ಹೋಗುತ್ತದೆ.

ಬೇರೆ ಊರುಗಳ ಓದುಗರು ಬೇಸರಪಡಬಾರದು. ಮುಂಬಯಿಯವರ ಹತ್ತಿರವೇ ಕಡಲಿದೆ, ಬಾಂಬೆ ಹೈ ಇದೆ. ಉರಣ್‌ನಲ್ಲಿ ದಡ ಸೇರುವ ಅನಿಲ ನಿಮ್ಮ ನೆರೆಮನೆಯದು. ಚೆನ್ನೈಯವರಿಗೆ 2019ರಲ್ಲಿ ಎಣ್ಣೂರಿನ ಹಡಗು ನಿಲ್ದಾಣ ಬಂತು. ಬೆಂಗಳೂರಿಗೆ ಅನಿಲ ಬಂದದ್ದು 2013ರಲ್ಲಿ, ಮಹಾರಾಷ್ಟ್ರದ ದಾಭೋಳದಿಂದ ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ ಹಾದು ಬರುವ ಕೊಳವೆಯಲ್ಲಿ. ಅವ್ವನ ಊರಿನ ಆಸುಪಾಸಿನಲ್ಲೇ ಅದು ಹೋಗಿದೆ ಎಂದರೆ ಅವಳು ನಂಬಲಿಲ್ಲ. ಆ ದಾಭೋಳದಲ್ಲಿ ಅಲೆ ತಡೆಯುವ ಗೋಡೆ ಪೂರ್ತಿಯಾಗದೆ ಎಷ್ಟೋ ವರ್ಷ ಮಳೆಗಾಲದಲ್ಲಿ ಹಡಗು ನಿಲ್ಲುವಂತಿರಲಿಲ್ಲ. ಮಂಗಳೂರಿಗೆ ಕೊಚ್ಚಿಯಿಂದ 450 ಕಿಲೋಮೀಟರ್ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಪಣಂಬೂರಿನ ಯೂರಿಯಾ ಕಾರ್ಖಾನೆ ನಾಫ್ತಾ ಬಿಟ್ಟು ಅನಿಲಕ್ಕೆ ಬದಲಾದದ್ದು ಅದರಿಂದಲೇ.

ಕೊನೆಯದಾಗಿ ಒಂದು ಮಾತು. ರೇಡಿಯೋದಲ್ಲಿ ಇದಕ್ಕೆ ಸಮಯ ಸಿಗಲಿಲ್ಲ, ಇದನ್ನು ಬಿಟ್ಟದ್ದಕ್ಕೆ ನನಗೇ ಸಮಾಧಾನವಿಲ್ಲ.

ಹಗೇವು ತೆರೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮುಚ್ಚಿಟ್ಟ ಕಾಳು ಉಸಿರಾಡಿ ಒಳಗಿನ ಪ್ರಾಣವಾಯು ತೀರಿರುತ್ತದೆ. ಗಾಳಿಗೆ ಬಿಟ್ಟು, ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಅವಸರ ಮಾಡಿ ಸತ್ತವರ ಕಥೆಗಳು ನಮ್ಮ ಕಡೆ ಊರೂರಿಗೂ ಇವೆ.

ದೆಹಲಿಗೆ ಬಂದ ಮೊದಲ ಚಳಿಗಾಲ ನಾನೊಂದು ಬರಸಾತಿಯಲ್ಲಿದ್ದೆ, ಮಹಡಿಯ ಮೇಲಿನ ಒಂಟಿ ಕೋಣೆ. ಸ್ನಾನದ ಮನೆಯ ಒಳಗೇ ಗ್ಯಾಸ್ ಗೀಸರ್ ಕೂರಿಸಿದ್ದರು. ಕಿಂಡಿಯಿಂದ ಕೊರೆಯುವ ಗಾಳಿ ಬರುತ್ತದೆಂದು ನಾನೇ ಅದಕ್ಕೆ ದಿನಪತ್ರಿಕೆ ತುರುಕಿದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಮೈಮೇಲೆ ಬಿಸಿನೀರು ಬೀಳುತ್ತಿದ್ದಂತೆ ತಲೆ ಭಾರವಾಯಿತು, ಕಾಲು ನನ್ನದಲ್ಲ ಎನ್ನಿಸಿತು. ಬಾಗಿಲ ಚಿಲಕ ಹೇಗೆ ತೆಗೆದೆನೋ ತಿಳಿಯದು. ಕೆಳಗಿನ ಮನೆಯ ಪಂಜಾಬಿ ಆಂಟಿ ಸದ್ದು ಕೇಳಿ ಓಡಿ ಬಂದು ನನ್ನನ್ನು ಬಯಲಿಗೆ ಎಳೆದು ಹಾಕಿದರು. ಅನಿಲ ಉರಿಯಲು ಗಾಳಿ ಸಾಲದಾದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅದು. ಬಣ್ಣವಿಲ್ಲ, ವಾಸನೆಯಿಲ್ಲ, ಪೈಪಿನ ಗ್ಯಾಸಿಗೆ ಬೆರೆಸುವ ದುರ್ವಾಸನೆ ಉರಿದ ಮೇಲೆ ಉಳಿಯುವುದಿಲ್ಲ. ಲಾಂದ್ರವೂ ಇಲ್ಲಿ ಪ್ರಯೋಜನಕ್ಕೆ ಬಾರದು, ಅದು ಉರಿಯುತ್ತಿರುವಾಗಲೇ ಮನುಷ್ಯ ಬಿದ್ದಿರುತ್ತಾನೆ. ಪ್ರತಿ ಚಳಿಗಾಲದಲ್ಲೂ ಉತ್ತರದ ಊರುಗಳಿಂದ, ಬೆಂಗಳೂರಿನಿಂದಲೂ, ಇಂಥ ಸಾವಿನ ಸುದ್ದಿ ಓದುತ್ತೇನೆ. ಓದುವಾಗ ಧ್ವನಿ ಸರಿ ಇಟ್ಟುಕೊಳ್ಳುವುದು ನನಗೆ ಇಂದಿಗೂ ಕಷ್ಟ. ಸಿಲಿಂಡರಿನದಾಗಲಿ ಪೈಪಿನದಾಗಲಿ, ಗೀಸರು ಸ್ನಾನದ ಮನೆಯ ಹೊರಗಿರಲಿ. ಬಾಡಿಗೆ ಮನೆಯಲ್ಲಿ ಒಳಗೇ ಇದ್ದರೆ ಅದನ್ನು ತೆಗೆಸುವ ತನಕ ಹಚ್ಚಬೇಡಿ, ಬಕೆಟಿಗೆ ವಿದ್ಯುತ್ ಹೀಟರ್ ಹಾಕಿ, ಅಥವಾ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಕಿಂಡಿಗೆ ಪೇಪರ್ ತುರುಕಬೇಡಿ.

ಅವ್ವ ಬಂದ ದಿನವೇ ನಮ್ಮ ಅಡಿಗೆ ಮನೆಯ ಕಿಟಕಿ ತೆರೆದಿಟ್ಟಿದ್ದಾಳೆ. ತಣ್ಣನೆಯ ಗಾಳಿ ನೇರವಾಗಿ ಬೆನ್ನಿಗೆ ಹೊಡೆಯುತ್ತದೆ, ನಾನು ಮುಚ್ಚಲು ಹೋದರೆ ಬಿಡುವುದಿಲ್ಲ. ಸಂಕ್ರಾಂತಿಯವರೆಗೆ ಇಲ್ಲಿ ಇರುತ್ತಾಳಂತೆ.

ನಿಮ್ಮ ಊರಿನಲ್ಲಿ, ನಿಮ್ಮ ಓಣಿಯಲ್ಲಿ ಪೈಪ್ ಗ್ಯಾಸ್ ಬಂದಿದೆಯೇ, ಬಂದು ಏನು ಬದಲಾಯಿತು ಎಂದು ಬರೆಯಿರಿ. ಕಾರ್ಖಾನೆ, ಹೋಟೆಲು, ಆಟೋ ನಡೆಸುವವರು ತಪ್ಪದೆ ಬರೆಯಿರಿ. ಕಾರ್ಯಕ್ರಮದಲ್ಲಿ ಓದುತ್ತೇನೆ.